ಅಡುಗೆಯವ್ವನಿಗೂ ಒಂದು ಕುರ್ಚಿ

2023ರ ಮಾರ್ಚ್ ಒಂದನೆಯ ತಾರೀಖು, ಬುಧವಾರ. ರಾಜ್ಯದ ಸರ್ಕಾರಿ ನೌಕರರೆಲ್ಲ ಅಂದಿನಿಂದ ಅನಿರ್ದಿಷ್ಟ ಮುಷ್ಕರ ಹೂಡಿದ್ದೆವು. ಪ್ರೌಢಶಾಲೆಯ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುವ ನಾನೂ ಅವರಲ್ಲಿ ಒಬ್ಬಳು. ಗಂಜಿ ಹಾಕಿದ ಸೀರೆ ಉಟ್ಟು, ನೀರಿನ ಬಾಟಲಿ ಹಿಡಿದು, ತಾಲೂಕು ಕಚೇರಿಯ ಮುಂದೆ ಸೇರಲು ಹೊರಟಿದ್ದೆ. ದಾರಿಯಲ್ಲೇ ನಮ್ಮ ಶಾಲೆ. ಗೇಟು ತೆರೆದಿತ್ತು, ತರಗತಿಗಳಿಗೆಲ್ಲ ಬೀಗ. ಹಿಂದಿನ ಅಡುಗೆ ಕೋಣೆಯಿಂದ ಮಾತ್ರ ಕುಕ್ಕರಿನ ಸೀಟಿ ಕೇಳಿಸಿತು.

ಹೋಗಿ ನೋಡಿದರೆ ನಮ್ಮ ಬಿಸಿಯೂಟದ ಮೂವರು ಹೆಂಗಸರೂ ಅಲ್ಲೇ ಇದ್ದರು. ಬೇಳೆ ಬೆಂದಿತ್ತು. ಗಜ್ಜರಿ, ಸೌತೆಕಾಯಿ ಹೆಚ್ಚಿಟ್ಟಾಗಿತ್ತು. ಮಕ್ಕಳು ಯಾಕೆ ಬರಲಿಲ್ಲ ಎಂದು ಮೂವರೂ ಬಾಗಿಲ ಕಡೆಗೇ ನೋಡುತ್ತಿದ್ದರು. ಹಿಂದಿನ ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆ ರಜೆಯ ಸುದ್ದಿ ಹೇಳಿದ್ದೆವು. ಅಡುಗೆ ಮನೆಗೆ ಹೋಗಿ ಹೇಳುವುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಹಿರಿಯಾಕೆ ಕೇಳಿದಳು, “ಇವತ್ತ ಸಾಲಿ ಇಲ್ಲೇನ್ರೀ ಅಕ್ಕೋರ? ನಮಗ ಯಾರೂ ಹೇಳೇ ಇಲ್ಲಲ್ರೀ.”

ಪಗಾರದ ಸಲುವಾಗಿ ಮುಷ್ಕರ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದರಾಗ ನಮ್ಮ ಹೆಸರೂ ಬರದೀರೇನ್ರೀ?” ಎಂದಳು.

“ಇಲ್ಲವಾ, ಇದು ನೌಕರರದು.”

“ಹಂಗಾರ ನಾವ್ ಯಾರ್ರೀ?”

ಬಿ.ಎ., ಬಿ.ಎಡ್. ಓದಿ, ಮೂವತ್ತು ವರ್ಷದ ಹತ್ತಿರ ಪಾಠ ಮಾಡಿದವಳು ನಾನು. ಸಂಘಟಿತ ಕೆಲಸಗಾರರು ಯಾರು, ಅಸಂಘಟಿತರು ಯಾರು ಎಂಬುದನ್ನು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಎರಡು ಕಾಲಂ ಎಳೆದು ಬರೆಸಿದ್ದೇನೆ. ಈ ಮೂರು ಶಬ್ದದ ಪ್ರಶ್ನೆಗೆ ಉತ್ತರ ಬರಲಿಲ್ಲ. ಗಡಿಯಾರ ನೋಡಿಕೊಂಡು ಹೊರಟುಬಿಟ್ಟೆ. ಅಂದೇ ಸರ್ಕಾರ ಮೂಲ ವೇತನದ ಶೇಕಡಾ 17ರಷ್ಟು ಮಧ್ಯಂತರ ಪರಿಹಾರದ ಆದೇಶ ಹೊರಡಿಸಿತು. ಮುಷ್ಕರ ಒಂದೇ ದಿನಕ್ಕೆ ಮುಗಿಯಿತು. ನಾವು ಪೇಢೆ ಹಂಚಿಕೊಂಡೆವು. ಆ ಬೇಳೆ ಏನಾಯಿತೋ ನಾನು ಕೇಳಲಿಲ್ಲ.

ಅಂದು ಕೊಡಲಾರದ ಉತ್ತರವನ್ನು ಇಲ್ಲಿ ಬರೆಯಲು ಕೂತಿದ್ದೇನೆ. ಕೂಲಿ, ಯೂನಿಯನ್ನು, ವೇತನ ಒಪ್ಪಂದ ಎಂದ ಕೂಡಲೇ ನಮ್ಮ ಹೆಣ್ಣುಮಕ್ಕಳು ಪುಟ ತಿರುವಿ ರಂಗೋಲಿಯ ಕಡೆಗೆ ಹೋಗುತ್ತಾರೆ. ಅದು ಗಂಡಸರ ಗದ್ದಲ, ಕೆಂಪು ಬಾವುಟದ ಮಾತು ಎಂಬ ಭಾವನೆ. ಈ ಸಲ ದಯವಿಟ್ಟು ತಿರುವಬೇಡಿ. ಇದು ನಮ್ಮ ಅಡುಗೆ ಮನೆಯಿಂದಲೇ ಹುಟ್ಟಿದ ಮಾತು.

ಮೊದಲು ಆ ಮೂವರಿಗೆ ಸಿಗುವ ಹಣದ ಹೆಸರು ನೋಡಿ. ಅದು ಸಂಬಳವಲ್ಲ, ಕೂಲಿಯೂ ಅಲ್ಲ. ಅದಕ್ಕೆ ‘ಗೌರವಧನ’ ಎನ್ನುತ್ತಾರೆ. ಗೌರವಧನ ಯಾರಿಗೆ ಕೊಡುತ್ತೇವೆ? ವಾರ್ಷಿಕೋತ್ಸವಕ್ಕೆ ಬಂದ ಅತಿಥಿಗಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿಯ ಜತೆಗೆ ಒಂದು ಲಕೋಟೆ ಕೊಡುತ್ತೇವಲ್ಲ, ಅದು ಗೌರವಧನ. ಅದರಿಂದ ಅವರ ಮನೆ ನಡೆಯಬೇಕಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಂದು ಹಾಲು ಕಾಯಿಸಿ, ನೂರಕ್ಕೂ ಹೆಚ್ಚು ಮಕ್ಕಳಿಗೆ ಅನ್ನ ಸಾರು ಮಾಡಿ ಬಡಿಸಿ, ಹಂಡೆಯಂಥ ಪಾತ್ರೆಗಳನ್ನು ತಿಕ್ಕಿ, ಮಧ್ಯಾಹ್ನ ಮೂರಕ್ಕೆ ನಡು ಹಿಡಿದುಕೊಂಡು ಹೋಗುವವಳಿಗೆ ಶಾಲು ಹೊದಿಸಿದವರನ್ನು ನಾನು ಕಂಡಿಲ್ಲ.

ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ, ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ನಮ್ಮಲ್ಲಿ 2002ರಲ್ಲಿ ಅಕ್ಷರ ದಾಸೋಹ ಶುರುವಾಯಿತು. ಕೇಂದ್ರ ಸರ್ಕಾರ ಅಡುಗೆಯವರಿಗೆ ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು ಎಂದು ಗೊತ್ತು ಮಾಡಿದ್ದು 2009ರ ಡಿಸೆಂಬರಿನಲ್ಲಿ. ಆ ಸಾವಿರ ಮುಂದೆ ಹದಿನೈದು ವರ್ಷ ಜಪ್ಪಯ್ಯ ಎಂದರೂ ಕದಲಲಿಲ್ಲ. ರಾಜ್ಯಗಳು ತಮ್ಮ ಕೈಯಿಂದ ಅಷ್ಟಿಷ್ಟು ಸೇರಿಸಿದವು. ನಮ್ಮ ರಾಜ್ಯ 2025ರ ಬಜೆಟ್ಟಿನಲ್ಲಿ ಇನ್ನೊಂದು ಸಾವಿರ ಸೇರಿಸಿದ ಮೇಲೂ ತಿಂಗಳ ಮೊತ್ತ ಐದು ಸಾವಿರ ಮುಟ್ಟಲಿಲ್ಲ.

ಅದೇ ಹದಿನೈದು ವರ್ಷದಲ್ಲಿ ನನ್ನ ಕಥೆ ಏನು? 2012ರಲ್ಲಿ ಒಂದು ವೇತನ ಪರಿಷ್ಕರಣೆ, 2018ರಲ್ಲಿ ಇನ್ನೊಂದು, 2024ರ ಆಗಸ್ಟಿನಿಂದ ಮತ್ತೊಂದು. ನಡುವೆ ವರ್ಷಕ್ಕೆರಡು ಸಲ ತುಟ್ಟಿಭತ್ಯೆ. 2024ರ ಪರಿಷ್ಕರಣೆಯಲ್ಲಿ ರಾಜ್ಯದ ನೌಕರನ ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಇದನ್ನು ತಪ್ಪು ಎನ್ನುತ್ತಿಲ್ಲ. ಬೆಲೆ ಏರಿದಂತೆ ಸಂಬಳವೂ ಏರಬೇಕು, ನ್ಯಾಯವೇ. ಆದರೆ ಬೇಳೆಯ ಬೆಲೆ ನನ್ನ ಮನೆಗೆ ಏರಿ ಅವಳ ಮನೆಗೆ ಇಳಿಯುತ್ತದೆಯೇ? ನೀವೇ ಹೇಳಿ.

ಈ ವ್ಯತ್ಯಾಸ ಎಲ್ಲಿಂದ ಬಂತು? ನಾನು ಹೆಚ್ಚು ಓದಿದ್ದೇನೆ ಎಂಬುದು ಅರ್ಧ ಉತ್ತರ. ಓದಿನ ಲೆಕ್ಕಕ್ಕೆ ನನ್ನ ಸಂಬಳ ಹೆಚ್ಚಿರಲಿ. ಆದರೆ ನನ್ನದು ಏರುತ್ತಲೇ ಇರುವುದಕ್ಕೂ ಅವಳದು ನಿಂತಲ್ಲೇ ನಿಲ್ಲುವುದಕ್ಕೂ ಓದು ಕಾರಣವಲ್ಲ. ನನ್ನ ಪರವಾಗಿ ಮಾತಾಡಲು ಒಂದು ಮೇಜು ಇದೆ, ಆ ಮೇಜಿನ ಸುತ್ತ ಕುರ್ಚಿಗಳಿವೆ, ಒಂದರಲ್ಲಿ ನಮ್ಮವರು ಕೂತಿರುತ್ತಾರೆ. ಅವಳಿಗೆ ಕುರ್ಚಿ ಇಲ್ಲ. ಇದೇ ಉಳಿದರ್ಧ.

ಈ ಮೇಜಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಯಜಮಾನರೋ ಅಣ್ಣನೋ ಬ್ಯಾಂಕಿನಲ್ಲಿದ್ದರೆ ‘ಸೆಟ್ಲ್‌ಮೆಂಟ್ ಆಯ್ತು, ಅರಿಯರ್ಸ್ ಬರುತ್ತೆ’ ಎಂಬ ಮಾತು ಮನೆಯಲ್ಲಿ ಕೇಳಿರುತ್ತೀರಿ. ಆ ಸೆಟ್ಲ್‌ಮೆಂಟ್ ಆಕಾಶದಿಂದ ಬೀಳುವುದಿಲ್ಲ. 1966ರಿಂದ ಬ್ಯಾಂಕುಗಳ ಸಂಘದವರೂ ನೌಕರರ ಯೂನಿಯನ್ನುಗಳೂ ಎದುರುಬದುರು ಕೂತು ಐದು ವರ್ಷಕ್ಕೊಮ್ಮೆ ಇಡೀ ದೇಶಕ್ಕೆ ಒಂದೇ ಒಪ್ಪಂದ ಮಾಡಿಕೊಳ್ಳುತ್ತಾರೆ. ಹನ್ನೆರಡನೆಯ ಒಪ್ಪಂದಕ್ಕೆ ಸಹಿ ಬಿದ್ದದ್ದು 2024ರ ಮಾರ್ಚ್ 8ರಂದು, ಏರಿಕೆ ಶೇಕಡಾ 17. ಕಲ್ಲಿದ್ದಲು ಗಣಿಯವರಿಗೂ ಹೀಗೇ ಒಂದು ಜಂಟಿ ಸಮಿತಿ ಇದೆ. 2023ರ ಮೇ ತಿಂಗಳ ಒಪ್ಪಂದದಲ್ಲಿ ಅವರಿಗೆ ಶೇಕಡಾ 19 ಸಿಕ್ಕಿತು. ಕೇಂದ್ರ ಸರ್ಕಾರಿ ನೌಕರರಿಗೆ 1966ರಿಂದ ಜಂಟಿ ಸಮಾಲೋಚನಾ ವ್ಯವಸ್ಥೆ ಇದೆ.

ದೇಶಕ್ಕೆಲ್ಲ ಒಂದೇ ಬ್ಯಾಂಕ್ ಒಪ್ಪಂದ ಸಾಧ್ಯವಾದರೆ, ದೇಶಕ್ಕೆಲ್ಲ ಒಂದೇ ಆಗಿರುವ ಬಿಸಿಯೂಟ ಯೋಜನೆಯ ಸುಮಾರು 25 ಲಕ್ಷ ಅಡುಗೆಯವರಿಗೆ ಯಾಕೆ ಸಾಧ್ಯವಿಲ್ಲ? ಈ ಬರಹದಲ್ಲಿ ನಾನು ಕೇಳುತ್ತಿರುವುದು ಇದೊಂದನ್ನೇ. ದಯೆ ಕೇಳುತ್ತಿಲ್ಲ, ಬಜೆಟ್ ಭಾಷಣದ ಕೊನೆಯಲ್ಲಿ ಎಸೆಯುವ ಐದುನೂರು, ಸಾವಿರ ಕೇಳುತ್ತಿಲ್ಲ. ಕೇಂದ್ರ, ರಾಜ್ಯ, ಕೆಲಸಗಾರ್ತಿಯರ ಸಂಘ ಮೂವರೂ ಕೂತು, ಇಂತಿಷ್ಟು ವರ್ಷಕ್ಕೊಮ್ಮೆ, ಬೆಲೆಗೆ ತಕ್ಕ ತುಟ್ಟಿಭತ್ಯೆ ಸೇರಿಸಿ, ಬರೆದು ಸಹಿ ಹಾಕುವ ಒಂದು ಮೇಜು. ಅಂಗನವಾಡಿಯವರಿಗೂ ಆಶಾ ಕಾರ್ಯಕರ್ತೆಯರಿಗೂ ಅದೇ.

ಹೆಂಗಸರನ್ನು ಈ ಲೆಕ್ಕದಿಂದ ಹೊರಗಿಟ್ಟದ್ದು ನಿನ್ನೆ ಮೊನ್ನೆಯ ಮಾತಲ್ಲ. 1957ರಲ್ಲಿ ದಿಲ್ಲಿಯಲ್ಲಿ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ನಡೆಯಿತು. ಸರ್ಕಾರ, ಮಾಲೀಕರು, ಯೂನಿಯನ್ನು ಮೂವರೂ ಕೂಡುವ ಸಮ್ಮೇಳನವಿದು. ಕನಿಷ್ಠ ಕೂಲಿ ಎಷ್ಟಿರಬೇಕೆಂಬುದಕ್ಕೆ ಅಲ್ಲಿ ಒಳ್ಳೆಯ ಸೂತ್ರವೊಂದನ್ನು ಕಟ್ಟಿದರು. ಒಬ್ಬ ದುಡಿಯುವವನ ಹಿಂದೆ ಮೂರು ‘ಬಳಕೆ ಘಟಕ’, ಒಂದೊಂದಕ್ಕೂ ದಿನಕ್ಕೆ 2700 ಕ್ಯಾಲೊರಿ ಊಟ, ಮನೆಗೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಉರುವಲು, ದೀಪ. ಸುಪ್ರೀಂ ಕೋರ್ಟು 1991ರಲ್ಲಿ ಇದಕ್ಕೆ ಮಕ್ಕಳ ಓದು, ಔಷಧಿ, ಮುಪ್ಪು, ಮದುವೆಯಂಥ ಖರ್ಚಿಗೆಂದು ಶೇಕಡಾ 25 ಸೇರಿಸಿತು. ಕೇಂದ್ರದ ಏಳನೆಯ ವೇತನ ಆಯೋಗ ಕನಿಷ್ಠ ಸಂಬಳ 18,000 ಎಂದು ಲೆಕ್ಕ ಹಾಕಿದ್ದೂ ಆ ಸಮ್ಮೇಳನದ ಸೂತ್ರವನ್ನು ಹಿಡಿದೇ.

ಈಗ ಆ ಮೂರು ಘಟಕವನ್ನು ಬಿಡಿಸಿ ನೋಡಿ. ಗಂಡ ಒಂದು. ಇಬ್ಬರು ಮಕ್ಕಳು ತಲಾ 0.6. ಹೆಂಡತಿ 0.8. ಕೂಡಿಸಿದರೆ ಮೂರು. ಮುದಿ ಅತ್ತೆ ಮಾವಂದಿರಿಗೆ ಸೊನ್ನೆ. ಅವರು ಗಾಳಿ ತಿಂದು ಬದುಕುತ್ತಾರೇನೋ! ಹೆಂಡತಿಯ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಕೂಡದು ಎಂದೂ ಅಲ್ಲೇ ಹೇಳಿದ್ದಾರೆ. ಉದ್ದೇಶ ಒಳ್ಳೆಯದೇ ಇತ್ತು. ಹೆಂಡತಿ ದುಡಿಯುತ್ತಾಳೆ ಎಂಬ ನೆಪದಲ್ಲಿ ಗಂಡನ ಕೂಲಿ ಕಡಿಮೆ ಮಾಡಬಾರದಲ್ಲ. ಆದರೆ ಆ ಒಳ್ಳೆಯ ಉದ್ದೇಶದ ಮಗ್ಗುಲಲ್ಲೇ ಒಂದು ಅಭ್ಯಾಸ ಬೆಳೆಯಿತು. ದುಡಿಯುವವನೆಂದರೆ ಗಂಡಸು. ಹೆಂಗಸಿನ ಸಂಪಾದನೆ ಎಂದರೆ ಸಾಸಿವೆ ಡಬ್ಬಿಯ ಕಾಸು, ಮೇಲುಖರ್ಚಿಗೆ. ನಮ್ಮ ಅಡುಗೆಯವ್ವನ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಆ ಮನೆಯಲ್ಲಿ ‘ಒಂದು’ ಎಂಬ ಘಟಕವೇ ಇಲ್ಲ. 0.8 ಒಂದೇ ಇಡೀ ಮನೆ ಹೊತ್ತಿದೆ.

ಯೂನಿಯನ್ನುಗಳಾದರೂ ಬೇರೆ ಇದ್ದವೇ? ಅಹಮದಾಬಾದಿನ ಗಿರಣಿ ಕೆಲಸಗಾರರ ಸಂಘ ‘ಮಜೂರ್ ಮಹಾಜನ’ 1920ರಲ್ಲಿ ಕಟ್ಟಿಕೊಂಡಾಗ ಅದರ ಹಿಂದಿದ್ದವರು ಅನಸೂಯಾ ಸಾರಾಭಾಯಿ, ಒಬ್ಬ ಹೆಂಗಸು. ಅರ್ಧ ಶತಮಾನದ ನಂತರ ಅದೇ ಸಂಘದಲ್ಲಿದ್ದ ಇಳಾ ಭಟ್ ಅವರು ತಲೆಹೊರೆಯವರು, ಹಳೆ ಬಟ್ಟೆ ಮಾರುವವರು, ಕೌದಿ ಹೊಲಿಯುವವರನ್ನೆಲ್ಲ ಕೂಡಿಸಿ ‘ಸೇವಾ’ ಎಂಬ ಯೂನಿಯನ್ ಕಟ್ಟಲು ಹೊರಟರು. ನೋಂದಣಿ ಮಾಡುವ ಅಧಿಕಾರಿಗಳು ಒಪ್ಪಲಿಲ್ಲ. ನಿಮಗೆ ಮಾಲೀಕನೇ ಇಲ್ಲ, ಯಾರ ವಿರುದ್ಧ ಹೋರಾಡುತ್ತೀರಿ ಎಂದು ಕೇಳಿದರು. ಯೂನಿಯನ್ ಎಂದರೆ ಒಬ್ಬರ ವಿರುದ್ಧ ನಿಲ್ಲುವುದಷ್ಟೇ ಅಲ್ಲ, ಕೆಲಸ ಮಾಡುವವರು ಒಟ್ಟಾಗುವುದು ಎಂದು ಇಳಾ ಭಟ್ ವಾದಿಸಿದರು. 1972ರ ಏಪ್ರಿಲಿನಲ್ಲಿ ನೋಂದಣಿ ಆಯಿತು. 1981ರಲ್ಲಿ ಆ ದೊಡ್ಡ ಸಂಘವೇ ಇವರನ್ನು ಹೊರಗೆ ಕಳಿಸಿತು. ತಾಯಿಯ ಮನೆಯಿಂದಲೇ ಹೊರಬಿದ್ದ ಮಗಳು ಮುಂದೆ ಲಕ್ಷಾಂತರ ಹೆಂಗಸರ ಸಂಘವಾಗಿ ಬೆಳೆದಳು. ಆ ಮಾತು ಬೇರೆ.

ನಾನು ದೂರದ ಅಹಮದಾಬಾದಿನ ತಪ್ಪು ಹುಡುಕಲು ಇದನ್ನು ಹೇಳುತ್ತಿಲ್ಲ. ನನ್ನ ಶಾಲೆಯ ಬೇಳೆಯ ಕುಕ್ಕರಿನ ಕಥೆಯೂ ಇದೇ ಜಾತಿಯದು. ಸಂಘದಲ್ಲಿದ್ದವರು ಸಂಘದ ಹೊರಗಿದ್ದವರನ್ನು ಮರೆಯುವುದು ಬಲು ಸುಲಭ.

ಇನ್ನು ಈಚಿನ ಸುಧಾರಣೆಗೆ ಬರೋಣ. ಇಪ್ಪತ್ತೊಂಬತ್ತು ಹಳೆಯ ಕಾಯ್ದೆಗಳನ್ನು ಕೂಡಿಸಿ ನಾಲ್ಕು ಸಂಹಿತೆ ಮಾಡಿದರು. ವೇತನ ಸಂಹಿತೆ 2019ರಲ್ಲಿ, ಉಳಿದ ಮೂರು 2020ರಲ್ಲಿ ಸಂಸತ್ತಿನಲ್ಲಿ ಪಾಸಾದವು. 2025ರ ನವೆಂಬರ್ 21ರಿಂದ ಜಾರಿ ಎಂದು ಕೇಂದ್ರ ಸರ್ಕಾರ ಪ್ರಕಟಿಸಿತು. ಒಳ್ಳೆಯದನ್ನು ಒಳ್ಳೆಯದೆನ್ನಬೇಕು. 1948ರ ಕನಿಷ್ಠ ವೇತನ ಕಾಯ್ದೆ ಪಟ್ಟಿಯಲ್ಲಿ ಹೆಸರಿದ್ದ ಕೆಲಸಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಹೊಸ ಸಂಹಿತೆ ಆ ಪಟ್ಟಿಯನ್ನು ತೆಗೆದು, ಇಡೀ ದೇಶಕ್ಕೆ ಒಂದು ತಳಮಟ್ಟದ ವೇತನ ಇರಬೇಕು, ಅದಕ್ಕಿಂತ ಕೆಳಗೆ ಯಾವ ರಾಜ್ಯವೂ ಇಳಿಯಬಾರದು ಎಂದಿತು. ಕಾರ್ಖಾನೆಯ ಕುಂದುಕೊರತೆ ಸಮಿತಿಯಲ್ಲಿ ಹೆಂಗಸರ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಬೇಕೆಂದೂ ಇದೆ.

ಮಾತುಕತೆಯ ಮೇಜಿನ ವಿಷಯಕ್ಕೆ ಬಂದರೆ ಏನಿದೆ? ಒಂದು ಸಂಸ್ಥೆಯಲ್ಲಿ ಹಲವು ಯೂನಿಯನ್ ಇದ್ದರೆ, ಹಾಜರಿ ಪುಸ್ತಕದಲ್ಲಿರುವವರ ಪೈಕಿ ಶೇಕಡಾ 51 ಮಂದಿಯ ಬೆಂಬಲ ಇರುವ ಯೂನಿಯನ್ನೇ ಮಾತಾಡಬೇಕು. ಯಾರಿಗೂ ಅಷ್ಟಿಲ್ಲದಿದ್ದರೆ ಶೇಕಡಾ 20ಕ್ಕೆ ಒಬ್ಬರಂತೆ ಪ್ರತಿನಿಧಿಗಳ ಒಂದು ಪರಿಷತ್ತು. ಮುಷ್ಕರಕ್ಕೆ ಹದಿನಾಲ್ಕು ದಿನದ ಮುಂಗಡ ನೋಟೀಸು. ಅರ್ಧಕ್ಕಿಂತ ಹೆಚ್ಚು ಜನ ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಈ ಕಟ್ಟುಪಾಡುಗಳ ಬಗ್ಗೆ ದೊಡ್ಡ ಯೂನಿಯನ್ನುಗಳು ತಕರಾರು ಮಾಡುತ್ತಿವೆ, ಮಾಡಲಿ. ನನ್ನ ತಕರಾರು ಬೇರೆ. ಶೇಕಡಾ 51 ಎಂದರೆ ಯಾವುದರ 51? ನಮ್ಮ ಶಾಲೆಯಲ್ಲಿ ಅಡುಗೆಯವರು ಮೂವರು. ಪಕ್ಕದ ಶಾಲೆಯಲ್ಲಿ ಇಬ್ಬರು. ಅವಳ ಮಾಲೀಕ ಯಾರು? ಆರಿಸಿದ್ದು ಒಂದು ಸಮಿತಿ, ಕೆಲಸ ಹೇಳುವುದು ಮುಖ್ಯೋಪಾಧ್ಯಾಯರು, ಹಣದ ಒಂದು ಪಾಲು ಬೆಂಗಳೂರಿನದು, ಇನ್ನೊಂದು ದಿಲ್ಲಿಯದು. ಕೇಳಲು ಹೋದರೆ ಒಬ್ಬರು ಇನ್ನೊಬ್ಬರ ಕಡೆಗೆ ಕೈ ತೋರಿಸುತ್ತಾರೆ. ‘ಕೆಲಸಗಾರ’ ಯಾರೆಂದು ಸಂಹಿತೆ ವಿವರಿಸುವಾಗ ಪತ್ರಕರ್ತರನ್ನೂ ಔಷಧಿ ಕಂಪನಿಯ ಪ್ರತಿನಿಧಿಗಳಂಥವರನ್ನೂ ನೆನಪಿಟ್ಟುಕೊಂಡು ಸೇರಿಸಿದೆ. ಅಡುಗೆಯವ್ವನ ಹೆಸರು ಅಲ್ಲೂ ಇಲ್ಲ. ಕೈಗಾರಿಕಾ ಸಂಬಂಧಗಳ ಸಂಹಿತೆಯಂತೂ ಮನೆಗೆಲಸ ‘ಕೈಗಾರಿಕೆ’ಯೇ ಅಲ್ಲ ಎಂದು ಬಾಯಿಬಿಟ್ಟು ಹೇಳಿ ಬಾಗಿಲು ಹಾಕಿದೆ.

ಯಾರಿಗೂ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. 2013ರಲ್ಲಿ ನಲವತ್ತೈದನೆಯ ಕಾರ್ಮಿಕ ಸಮ್ಮೇಳನವೇ ಈ ವಿಷಯ ಎತ್ತಿಕೊಂಡಿತ್ತು. ಯೋಜನೆಗಳಲ್ಲಿ ದುಡಿಯುವ ಈ ಹೆಂಗಸರನ್ನು ಕೆಲಸಗಾರರೆಂದು ಒಪ್ಪಿ, ಕನಿಷ್ಠ ವೇತನ, ಪಿಂಚಣಿ, ಸಂಘ ಕಟ್ಟುವ ಹಕ್ಕು, ಸಂಘದ ಮೂಲಕ ಮಾತಾಡುವ ಹಕ್ಕು ಕೊಡಬೇಕು ಎಂದು ಶಿಫಾರಸು ಮಾಡಿತು. 2015ರ ಜುಲೈಯ ಸಮ್ಮೇಳನ ಅದನ್ನೇ ಮತ್ತೊಮ್ಮೆ ಹೇಳಿತು. ಆಮೇಲೆ ಹತ್ತು ವರ್ಷ ಕಳೆದರೂ ಆ ಸಮ್ಮೇಳನವನ್ನೇ ಕರೆಯಲಿಲ್ಲ. 1942ರಿಂದ ನಡೆದುಬಂದ ಮೇಜನ್ನೇ ಮಡಚಿ ಗೋಡೆಗೆ ಒರಗಿಸಿಟ್ಟು, ವೇತನ ವ್ಯವಸ್ಥೆ ಸುಧಾರಿಸಿದೆವು ಎಂದರೆ ಹೇಗೆ ನಂಬುವುದು?

ಮೇಜು ಇಲ್ಲದಿದ್ದರೆ ಏನಾಗುತ್ತದೆ? ಜನ ಬೀದಿಗೆ ಬರುತ್ತಾರೆ. 2016ರ ಏಪ್ರಿಲ್ 18 ಮತ್ತು 19, ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗೆ ಇಳಿದದ್ದು ನಿಮಗೆ ನೆನಪಿರಬಹುದು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಬಂದಿತ್ತು. ಮೂವತ್ತೈದಕ್ಕೇ ಕಣ್ಣು ಮಂಜಾಗಿ, ಬೆನ್ನು ಸೋತು ಕೆಲಸ ಬಿಡುವ ಹುಡುಗಿಗೆ ಐವತ್ತೆಂಟರ ಮಾತು! ಅವರನ್ನು ಯಾವ ನಾಯಕನೂ ಕರೆದಿರಲಿಲ್ಲ. ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ನಿಯಮ ಹಿಂದಕ್ಕೆ ಪಡೆಯಿತು. ಆದರೆ ಲಾಠಿಯ ಏಟೂ ಮೊಕದ್ದಮೆಗಳೂ ಆ ಹುಡುಗಿಯರ ಪಾಲಿಗೇ ಬಂದವು. ಮೊದಲೇ ಕರೆದು ಕೇಳಿದ್ದರೆ ಒಂದು ಕಲ್ಲೂ ಏಳುತ್ತಿರಲಿಲ್ಲ.

ಬೀದಿ ಒಂದು ಸಲ ಗೆಲ್ಲಿಸುತ್ತದೆ. ಮತ್ತೆ ಮತ್ತೆ ಗೆಲ್ಲಲು ಸಂಘ ಬೇಕು. ಅದಕ್ಕೂ ಅದೇ ಹುಡುಗಿಯರ ಕಥೆಯೇ ಸಾಕ್ಷಿ. 2020ರಲ್ಲಿ ಅವರಿಗೆ ಬರಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಚಿಲ್ಲರೆ. ಕೊರೊನಾ ಕಾರಣ ಹೇಳಿ ಸರ್ಕಾರ ಜುಲೈಯಲ್ಲಿ ಅದನ್ನು ಮುಂದೂಡಿತು. ಯೂನಿಯನ್ ಹೈಕೋರ್ಟಿಗೆ ಹೋಯಿತು, ಸೆಪ್ಟೆಂಬರಿನಲ್ಲಿ ಆ ಆದೇಶಕ್ಕೆ ತಡೆ ಸಿಕ್ಕಿತು. ಆಮೇಲೂ ಬಹಳ ಕಾರ್ಖಾನೆಗಳು ಕೊಡಲಿಲ್ಲ. ಪಟ್ಟು ಬಿಡದೆ ಓಡಾಡಿದ ಮೇಲೆ 2022ರ ಹೊತ್ತಿಗೆ ದೊಡ್ಡ ಕಂಪನಿಗಳು ಬಾಕಿಯನ್ನು ಕೊಡಲು ಒಪ್ಪಿದವು. ತಿಂಗಳಿಗೆ ನಾನೂರ ಹದಿನೇಳು ರೂಪಾಯಿಗೆ ಇಷ್ಟು ಗುದ್ದಾಟವೇ ಎನ್ನಬೇಡಿ. ಒಬ್ಬೊಬ್ಬರ ಕೈಯಿಂದ ಇಷ್ಟಿಷ್ಟೇ ಉಳಿಸಿದರೂ ಲಕ್ಷಗಟ್ಟಲೆ ಕೈ ಸೇರಿದರೆ ಅದು ನೂರಾರು ಕೋಟಿಯ ಮಾತು.

ಈಗ ನನ್ನ ಸಹೋದ್ಯೋಗಿಗಳು ಹೇಳುವ ಮಾತುಗಳಿಗೆ ಬರುತ್ತೇನೆ. ಸ್ಟಾಫ್ ರೂಮಿನಲ್ಲಿ ಈ ವಿಷಯ ಎತ್ತಿದಾಗಲೆಲ್ಲ ಬರುವುದು ಇವೇ ಮೂರು.

“ದಿನಕ್ಕೆ ನಾಲ್ಕು ತಾಸಿನ ಕೆಲಸ, ಇನ್ನೆಷ್ಟು ಕೊಡಬೇಕು?” ನಾಲ್ಕು ತಾಸು ಕಾಗದದ ಮೇಲೆ. ಶುರುವಿನಲ್ಲಿ ಅನ್ನ ಸಾರು ಇತ್ತು. 2013ರಿಂದ ಹಾಲು ಬಂತು, ಆಮೇಲೆ ಮೊಟ್ಟೆ ಬಂತು, ರಾಗಿ ಮಾಲ್ಟ್ ಬಂತು. ಮಕ್ಕಳಿಗೆ ಬರಲಿ, ಬಹಳ ಸಂತೋಷ. ಆದರೆ ನೂರು ಮೊಟ್ಟೆ ಬೇಯಿಸಿ ಸುಲಿಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮನೆಯಲ್ಲಿ ನಾಲ್ಕು ಮೊಟ್ಟೆ ಸುಲಿದವರಿಗೂ ಗೊತ್ತು. ಪ್ರತಿ ಹೊಸ ಭಾಗ್ಯವೂ ಆ ಮೂರು ಜೊತೆ ಕೈಗಳ ಮೇಲೆಯೇ ಬಂದು ಕೂರುತ್ತದೆ.

“ಇದು ಸೇವೆ, ಮಕ್ಕಳಿಗೆ ಅನ್ನ ಹಾಕುವ ಪುಣ್ಯದ ಕೆಲಸ.” ಪಾಠ ಹೇಳುವುದೂ ಪುಣ್ಯದ ಕೆಲಸವೇ. ಪುಣ್ಯ ಬಂತೆಂದು ನಾನು ಒಂದು ತಿಂಗಳ ಸಂಬಳವನ್ನೂ ಬಿಟ್ಟುಕೊಟ್ಟಿಲ್ಲ. ಕಿರಾಣಿ ಅಂಗಡಿಯವನು ಪುಣ್ಯಕ್ಕೆ ಜೋಳ ಅಳೆಯುವುದಿಲ್ಲ. ಕೆಲಸ ಮನೆಯಲ್ಲಿ ಅಮ್ಮ ಮಾಡುವಂಥದು ಎಂಬ ಒಂದೇ ಕಾರಣಕ್ಕೆ ಅದಕ್ಕೆ ಬೆಲೆ ಇಲ್ಲದಾಯಿತು. ಅಡುಗೆ, ಮಗುವಿನ ಆರೈಕೆ, ಬಾಣಂತಿಯ ಯೋಗಕ್ಷೇಮ. ಗೌರವಧನ ಎಂಬ ಹೆಸರು ಅಂಟಿದ್ದು ಇದೇ ಮೂರು ಕೆಲಸಕ್ಕೆ. ಇದು ಆಕಸ್ಮಿಕವೇ?

“ಸರ್ಕಾರದ ಹತ್ತಿರ ದುಡ್ಡೆಲ್ಲಿದೆ?” ನಮಗೆ ಒಂದೇ ದಿನದಲ್ಲಿ ಶೇಕಡಾ 17 ಎಲ್ಲಿಂದ ಬಂತೋ ಅಲ್ಲೇ ಇದೆ. ಒಮ್ಮೆಗೇ ಕೊಡಲಾಗದಿದ್ದರೆ ಮೂರು ಕಂತಿನಲ್ಲಿ, ಐದು ಕಂತಿನಲ್ಲಿ ಕೊಡಲಿ. ಕಂತು ಎಷ್ಟೆಂದು ಮಾತಾಡಲಿಕ್ಕೇ ಮೇಜು ಬೇಕೆನ್ನುತ್ತಿರುವುದು.

ನಾನು ಹೇಳಿದರೆ ಟೀಚರಮ್ಮನ ಉಪದೇಶ ಎನ್ನಬಹುದು, ಕೋರ್ಟು ಹೇಳಿದ್ದನ್ನು ಕೇಳಿ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಿಟ್ಟಿ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ, ದಿಲ್ಲಿಯ ಏಷ್ಯಾಡ್ ಕೂಲಿಕಾರರ ಪ್ರಕರಣದಲ್ಲಿ ಹೇಳಿತು. 2020ರ ಡಿಸೆಂಬರಿನಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ ಉತ್ತರ ಪ್ರದೇಶದ ಒಬ್ಬ ಬಿಸಿಯೂಟದ ಅಡುಗೆಯಾಕೆಯೇ ಬಂದು ನಿಂತಳು. ತಿಂಗಳಿಗೆ ಸಾವಿರ ರೂಪಾಯಿಗೆ ದುಡಿಸಿಕೊಂಡದ್ದು ಬಿಟ್ಟಿ ದುಡಿಮೆ, ಇಂಥ ಎಲ್ಲ ಅಡುಗೆಯವರಿಗೂ ಕನಿಷ್ಠ ವೇತನ ಕೊಡಬೇಕು ಎಂದು ಆ ಕೋರ್ಟು ಹೇಳಿತು. ಅಂಗನವಾಡಿಯವರ ವಿಷಯದಲ್ಲಿ, ನಮ್ಮ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ, ಇವರದು ಸರ್ಕಾರಿ ಹುದ್ದೆಯಲ್ಲ ಎಂದು 2006ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು, 2022ರ ಏಪ್ರಿಲಿನಲ್ಲಿ ಗುಜರಾತಿನ ಪ್ರಕರಣದಲ್ಲಿ ಇವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಕೋರ್ಟಿನ ಕಣ್ಣು ನಿಧಾನವಾಗಿ ತೆರೆಯುತ್ತಿದೆ. ಒಬ್ಬೊಬ್ಬಳೂ ಕೋರ್ಟಿನ ಮೆಟ್ಟಿಲು ಹತ್ತಿಯೇ ಪಡೆಯಬೇಕೆಂದರೆ 25 ಲಕ್ಷ ಜನ ಎಷ್ಟು ಮೆಟ್ಟಿಲು ಹತ್ತಬೇಕು?

ಇಷ್ಟೆಲ್ಲ ಸರ್ಕಾರಕ್ಕೆ ಹೇಳಿದ್ದಾಯಿತು. ನಮಗೆ ನಾವೇ ಹೇಳಿಕೊಳ್ಳುವುದೂ ಇದೆ. ನಮ್ಮ ರಾಜ್ಯ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿತ್ತು. ನಮ್ಮಲ್ಲಿ ಎಷ್ಟು ಜನ ಆ ದರವನ್ನು ಒಮ್ಮೆಯಾದರೂ ವಿಚಾರಿಸಿದ್ದೇವೆ? ನನ್ನ ತುಟ್ಟಿಭತ್ಯೆ ಏರಿದ ತಿಂಗಳು ಪಾತ್ರೆ ತಿಕ್ಕುವಾಕೆಯ ಹಣ ಏರಿಸಿದ್ದು ನನಗೂ ನೆನಪಿಲ್ಲ. ಆಕೆ ನೂರು ರೂಪಾಯಿ ಹೆಚ್ಚು ಕೇಳಿದರೆ ‘ಇವರದು ಅತಿಯಾಯಿತು’ ಎಂದು ಅಕ್ಕಪಕ್ಕದ ಮನೆಯವರು ಕೂಡಿ ಮಾತಾಡಿಕೊಂಡು ಒಂದು ದರ ಗೊತ್ತು ಮಾಡುತ್ತೇವೆ. ಅದೇನು? ಅದೂ ಯೂನಿಯನ್ನೇ. ಮಾಲೀಕರ ಯೂನಿಯನ್. ನಾವು ಮಾಡಿದರೆ ಹರಟೆ, ಅವರು ಮಾಡಿದರೆ ಸೊಕ್ಕು.

ಹಾಗಾಗಿ ಮೊದಲು ನಾನು ನನ್ನ ಮನೆಯಲ್ಲೇ ಶುರು ಮಾಡಿದೆ. ವರ್ಷಕ್ಕೊಮ್ಮೆ ಕೇಳದೆಯೇ ಏರಿಕೆ, ವಾರಕ್ಕೊಂದು ರಜೆ. ದೊಡ್ಡ ಸಾಧನೆಯೇನಲ್ಲ, ಬರೆದುಕೊಳ್ಳಲು ನಾಚಿಕೆಯೇ. ಎರಡನೆಯದಾಗಿ, ನಮ್ಮ ಸಂಘದ ತಾಲೂಕು ಸಭೆಯಲ್ಲಿ ಎದ್ದುನಿಂತು, ನಮ್ಮ ಬೇಡಿಕೆ ಪತ್ರದಲ್ಲಿ ಬಿಸಿಯೂಟ ಮತ್ತು ಅಂಗನವಾಡಿಯವರ ವೇತನ ಮಾತುಕತೆಯ ಹಕ್ಕನ್ನೂ ಸೇರಿಸಬೇಕೆಂದು ಕೇಳಿದೆ. “ಅದು ನಮ್ಮ ವ್ಯಾಪ್ತಿಗೆ ಬರಲ್ಲ ಮೇಡಂ” ಎಂದರು. ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇನೆ. ನೀವೂ ನಿಮ್ಮ ನಿಮ್ಮ ಸಂಘದಲ್ಲಿ, ಮಹಿಳಾ ಮಂಡಳದಲ್ಲಿ, ಮನೆಯ ಬ್ಯಾಂಕಿನವರ ಹತ್ತಿರ ಕೇಳಿ. ಕೇಳಿದ್ದನ್ನೇ ಕೇಳುವ ಕಲೆ ಹೆಂಗಸರಿಗೆ ಹುಟ್ಟಿನಿಂದಲೇ ಬಂದದ್ದು, ಸೀರೆ ಅಂಗಡಿಯಲ್ಲಿ ಮಾತ್ರ ಯಾಕೆ ಖರ್ಚು ಮಾಡಬೇಕು?

ಮೊನ್ನೆ ತಿಂಗಳ ಹಾಜರಿಗೆ ಸಹಿ ಮಾಡಲು ಅಡುಗೆಯವ್ವ ಸ್ಟಾಫ್ ರೂಮಿಗೆ ಬಂದಳು. ಎಂದಿನಂತೆ ಬಾಗಿಲಲ್ಲೇ ನಿಂತಳು. ಇಷ್ಟು ವರ್ಷ ಅವಳು ಹಾಗೆ ನಿಂತೇ ಸಹಿ ಮಾಡಿದ್ದಾಳೆ, ಇಷ್ಟು ವರ್ಷ ನಾವು ಕೂತೇ ಪುಸ್ತಕ ಚಾಚಿದ್ದೇವೆ. ನಾನು ಪಕ್ಕದ ಕುರ್ಚಿ ಎಳೆದು, ಕೂತುಕೋ ಎಂದೆ. “ಬ್ಯಾಡ್ರೀ ಅಕ್ಕೋರ, ಸೀರಿ ಮಸಿಯಾಗೇತಿ” ಎಂದಳು. ಎರಡು ಸಲ ಹೇಳಿದ ಮೇಲೆ ಕುರ್ಚಿಯ ತುದಿಯಲ್ಲಿ ಕೂತಳು. ನಿಧಾನವಾಗಿ ಹೆಸರು ಬರೆದಳು. ಇನ್ನೆರಡು ವರ್ಷಕ್ಕೆ ಅವಳಿಗೆ ಅರವತ್ತು ತುಂಬುತ್ತದೆ, ಆಮೇಲೆ ಪಿಂಚಣಿ ಇಲ್ಲ.

ಅಂದು ನೀ ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನವ್ವಾ ಎಂದು ಹೇಳಿದೆ. ಏನು ಕೇಳಿದ್ದೆ ಎಂಬುದು ಅವಳಿಗೆ ನೆನಪಿರಲಿಲ್ಲ. ಆ ಬುಧವಾರ ಮಾತ್ರ ನೆನಪಿತ್ತು. ಬೇಳೆಯನ್ನು ಮೂವರೂ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ಓಣಿಯ ಮಕ್ಕಳಿಗೆ ಬಡಿಸಿದರಂತೆ.

ಏಳುವಾಗ ಹೇಳಿದಳು, “ಮುಂದಿನ ಸಲ ಮುಷ್ಕರಕ್ಕ ಹೊಂಟಾಗ ಒಂದಿನ ಮೊದಲ ಹೇಳ್ರೀ ಅಕ್ಕೋರ. ನಾವೂ ಬರತೀವಿ.”